ಹದಿನೈದು ಸಂಪುಟಗಳ ಪ್ರೀತಿ

ಪ್ರೇಮಕಥೆಯಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಪ್ರೇಮಕ್ಕೆ ಮುಂಚಿನ ಕಾಲದಲ್ಲಿ. ಇಬ್ಬರೂ ಇನ್ನೂ ಏನನ್ನೂ ಹೇಳಿಕೊಂಡಿರುವುದಿಲ್ಲ. ಹೇಳಿಕೊಳ್ಳುವಂಥದ್ದೇನೋ ಇದೆ ಎಂಬುದು ಒಬ್ಬರಿಗೆ ಅರ್ಧಂಬರ್ಧ ಗೊತ್ತು, ಇನ್ನೊಬ್ಬರಿಗೆ ಅದೂ ಗೊತ್ತಿಲ್ಲ. ಆದರೂ ಗೇಟು ತೆರೆದ ಸದ್ದಿಗೆ ತಲೆ ಎತ್ತುವ ರೀತಿ ಬದಲಾಗಿರುತ್ತದೆ. ಎಲ್ಲರನ್ನೂ ಕೇಳುವ ‘ಈಗ ಬಂದದ್ದಾ?’ ಎಂಬ ಪ್ರಶ್ನೆ ಒಬ್ಬರಿಗೆ ಮಾತ್ರ ಬೇರೆ ದನಿಯಲ್ಲಿ ಹೊರಡುತ್ತದೆ. ನಮ್ಮ ಸಿನಿಮಾಗಳು ಈ ಕಾಲವನ್ನು ಒಂದು ಹಾಡಿನಲ್ಲಿ ದಾಟಿಸಿಬಿಡುತ್ತವೆ. ಪಲ್ಲವಿ ಶುರುವಾಗುವಾಗ ಅಪರಿಚಿತರಾಗಿದ್ದವರು ಎರಡನೆಯ ಚರಣ ಮುಗಿಯುವಷ್ಟರಲ್ಲಿ ಜನ್ಮಾಂತರದ ಜೋಡಿಯಾಗಿರುತ್ತಾರೆ. ಜಪಾನಿನ ಮಾಂಗಾಕಾರರು ಹಾಗಲ್ಲ. ಆ ಕಾಲದೊಳಗೆ ಅವರು ಏಳು ವರ್ಷ, ಹತ್ತು ವರ್ಷ ವಾಸ ಮಾಡುತ್ತಾರೆ. ಓದುವವರನ್ನೂ ಜೊತೆಗೆ ಇರಿಸಿಕೊಳ್ಳುತ್ತಾರೆ.

ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಅಲ್ಲಿ ಅದು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುವ ದಪ್ಪ ಪತ್ರಿಕೆಗಳಲ್ಲಿ ಕಂತುಕಂತಾಗಿ ಪ್ರಕಟವಾಗುತ್ತದೆ, ಆಮೇಲೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಸಂಪುಟಗಳಾಗುತ್ತದೆ. ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಗೆ ಅದನ್ನು ತಂದವಳು ಮಗಳು. ‘ಸುಧಾ’, ‘ತರಂಗ’ಗಳ ಧಾರಾವಾಹಿಗಳನ್ನು ವಾರವಿಡೀ ಕಾದು ಓದಿದವಳು ನಾನು. ಬಲ್ಮಠದಲ್ಲಿ 1975ರಿಂದ 2012ರವರೆಗೆ ಇದ್ದ ಅತ್ರಿ ಬುಕ್ ಸೆಂಟರಿನಿಂದ ತಂದ ಕಾದಂಬರಿಗಳು ಇದ್ದ ಕಪಾಟಿನಲ್ಲೇ ಅವಳ ಪುಸ್ತಕಗಳೂ ಜಾಗ ಮಾಡಿಕೊಂಡವು. ಆಷಾಢದ ಮಳೆ ಹಿಡಿದು ಹೊಡೆಯುತ್ತಿದ್ದ ಒಂದು ರಾತ್ರಿ ಅವುಗಳಲ್ಲೊಂದನ್ನು ಕೈಗೆತ್ತಿಕೊಂಡೆ.

“ಅಮ್ಮ, ಆ ಕಡೆಯಿಂದ ಅಲ್ಲ. ಹಿಂದಿನ ಪುಟದಿಂದ ಓದ್ಬೇಕು, ಬಲದಿಂದ ಎಡಕ್ಕೆ,” ಎಂದಳು.

ಸ್ವಲ್ಪ ಓದಿದ ಮೇಲೆ ಕೇಳಿದೆ: “ಇಷ್ಟು ಪುಟ ಆಯ್ತು. ಅವನು ಅವಳ ಹತ್ರ ಇನ್ನೂ ಎಂತದ್ದೂ ಹೇಳ್ಲಿಲ್ಲ ಅಲ್ವಾ?”

“ಈಗಲೇ ಹೇಳಿದ್ರೆ ಅವಳಿಗೆ ಅರ್ಥ ಆಗುದಿಲ್ಲ ಅಮ್ಮ. ಮೊದಲು ಅವಳಿಗೆ ಫ್ರೆಂಡ್ಸ್ ಆಗ್ಬೇಕು. ನೀನು ಮೆಲ್ಲ ಓದು.”

ಅದು ಕರುಹೊ ಶೀನಾ ಅವರ ‘ಕಿಮಿ ನಿ ತೊದೊಕೆ’. ‘ಬೆಸ್ಸತ್ಸು ಮಾರ್ಗರೆಟ್’ ಎಂಬ ಮಾಸಪತ್ರಿಕೆಯಲ್ಲಿ ಬಂದು 2017ರಲ್ಲಿ ಮುಗಿದ, 30 ಸಂಪುಟಗಳ ಕಥೆ. ನಾಯಕಿ ಸವಾಕೊ ಹೈಸ್ಕೂಲು ಹುಡುಗಿ. ಉದ್ದ ಕಪ್ಪು ಕೂದಲು, ಮಾತು ಕಡಿಮೆ, ನಗಲು ಹೋದರೆ ಮುಖ ಬಿಗಿಯಾಗುತ್ತದೆ. ಸಹಪಾಠಿಗಳು ಅವಳನ್ನು ಒಂದು ಭೂತದ ಸಿನಿಮಾದ ಪಾತ್ರದ ಹೆಸರಿನಿಂದ ಕರೆಯುತ್ತಾರೆ; ಕಣ್ಣಿಗೆ ಕಣ್ಣು ಸೇರಿದರೆ ಕೇಡಾಗುತ್ತದೆ ಎಂದು ದೂರ ಸರಿಯುತ್ತಾರೆ. ಕಝೆಹಾಯಾ ಎಂಬ ಹುಡುಗ ಮಾತ್ರ ಎಲ್ಲರೊಡನೆ ಮಾತಾಡುವಂತೆ ಅವಳೊಡನೆಯೂ ಮಾತಾಡುತ್ತಾನೆ. ಅವನಿಗೆ ಅವಳ ಮೇಲೆ ಮನಸ್ಸಿದೆ ಎಂಬುದು ಓದುವವರಿಗೆ ಬೇಗ ತಿಳಿಯುತ್ತದೆ. ಅವಳಿಗೆ ತಿಳಿಯುವುದಿಲ್ಲ. ತನ್ನನ್ನು ಯಾರಾದರೂ ಇಷ್ಟಪಡಬಹುದು ಎಂಬ ಯೋಚನೆಗೆ ಅವಳೊಳಗೆ ಇನ್ನೂ ಜಾಗವೇ ಆಗಿಲ್ಲ.

ಮಗಳು ಹೇಳಿದ್ದು ನಿಜ. ಸವಾಕೊಗೆ ಮೊದಲು ಸಿಗುವುದು ಗೆಳತಿಯರು. ಯಾನೊ, ಚಿಝುರು ಎಂಬ ಇಬ್ಬರು ಹುಡುಗಿಯರ ಬಗ್ಗೆ ಶಾಲೆಯಲ್ಲಿ ಕೆಟ್ಟ ಸುದ್ದಿ ಹಬ್ಬಿದಾಗ, ತನ್ನ ಸಹವಾಸದಿಂದಲೇ ಅವರಿಗೆ ಹೀಗಾಯಿತೆಂದು ಅವಳು ದೂರ ನಿಲ್ಲುತ್ತಾಳೆ. ಆಮೇಲೆ ಅದೇ ಗೆಳತಿಯರಿಗಾಗಿ ಜೀವನದಲ್ಲಿ ಮೊದಲ ಬಾರಿಗೆ ಎದುರು ನಿಂತು ದನಿ ಎತ್ತುತ್ತಾಳೆ. ಆ ದನಿ ಬಂದ ಮೇಲೆ ಪ್ರೀತಿಯ ದಾರಿ ಸ್ವಲ್ಪ ತೆರೆಯುತ್ತದೆ. ಪ್ರೇಮಿಗಳ ದಿನಕ್ಕೆಂದು ಕೈಯಾರೆ ಚಾಕೊಲೇಟು ಮಾಡುತ್ತಾಳೆ. ಉಳಿದವರಿಗೆ ಕೊಡುತ್ತಾಳೆ, ಅವನಿಗೆ ಕೊಡಲಾಗುವುದಿಲ್ಲ. ಎಲ್ಲರಿಗೆ ಕೊಟ್ಟದ್ದನ್ನೇ ಅವನಿಗೂ ಕೊಟ್ಟರೆ ಸುಳ್ಳಾಗುತ್ತದೆ, ಬೇರೆಯೆಂದು ಕೊಟ್ಟರೆ ನಿಜ ಹೊರಬೀಳುತ್ತದೆ. ಕೊಡದೆ ಉಳಿದ ಆ ಒಂದು ಪೊಟ್ಟಣದಿಂದ ಅವನ ಮನಸ್ಸಿನಲ್ಲಿ ಸಂಶಯ ಬೆಳೆದು, ಮುಂದಿನ ಕಂತುಗಳು ಅದರ ನೋವಿನಲ್ಲೇ ನಡೆಯುತ್ತವೆ. ಕೊನೆಗೆ ಇಬ್ಬರೂ ಬಾಯಿ ಬಿಟ್ಟು ಹೇಳಿಕೊಂಡಾಗ ಅದು ಕಥೆಯ ಕೊನೆಯಲ್ಲ. ಇನ್ನೂ ಬಹಳ ಸಂಪುಟಗಳು ಬಾಕಿ. ಕೈ ಹಿಡಿಯುವುದಕ್ಕೆ ಕಲಿಯಬೇಕು, ಜಗಳವಾಡುವುದಕ್ಕೆ ಕಲಿಯಬೇಕು, ಶಿಕ್ಷಕಿಯಾಗಲು ಅವಳು ಬೇರೆ ಊರಿಗೆ ಹೋಗುವ ಮಾತು ಬಂದಾಗ ಒಬ್ಬರನ್ನೊಬ್ಬರು ಹೋಗಲು ಬಿಡುವುದನ್ನೂ ಕಲಿಯಬೇಕು.

ಆ ರಾತ್ರಿಯಿಂದೀಚೆಗೆ ನನಗೆ ಸ್ಪಷ್ಟವಾದದ್ದು ಇಷ್ಟು: ನಿಧಾನದ ಪ್ರೇಮಕಥೆಯಲ್ಲಿ ತಡವಾಗುವುದು ಪ್ರೀತಿಯಲ್ಲ. ಪ್ರೀತಿಯನ್ನು ತೆಗೆದುಕೊಳ್ಳಬಲ್ಲ ಮನುಷ್ಯರು ತಯಾರಾಗುವುದಕ್ಕೆ ಆ ಕಾಲ ಬೇಕು. ಎಲ್ಲರೂ ದೂರ ಮಾಡಿದ ಹುಡುಗಿಗೆ ಮೊದಲ ಪುಟದಲ್ಲೇ ಯಾರಾದರೂ ಬಂದು ‘ನೀನು ನನಗೆ ಇಷ್ಟ’ ಎಂದರೆ ಅವಳು ಅದನ್ನು ದಯೆಯೆಂದು ತಿಳಿದು ಕೈಮುಗಿಯುತ್ತಾಳೆ. ಕೃತಜ್ಞತೆ ಮತ್ತು ಪ್ರೀತಿಯ ನಡುವಿನ ದೂರವನ್ನು ಅವಳು ತನ್ನ ಕಾಲಲ್ಲೇ ನಡೆದು ದಾಟಬೇಕು. ಆ ನಡಿಗೆಯನ್ನು ಪೂರ್ತಿಯಾಗಿ ತೋರಿಸುವ ತಾಳ್ಮೆ ಈ ಕಥೆಗಿದೆ. ಅದರ ಭಾವದ ಆಳ ಬಂದದ್ದು ಅಲ್ಲಿಂದ.

ಚಿತ್ರಗಳೂ ಆ ತಾಳ್ಮೆಯನ್ನೇ ಬಲ್ಲವು. ಮಾಂಗಾದಲ್ಲಿ ಮಾತೇ ಇಲ್ಲದ ಪುಟಗಳು ಬರುತ್ತವೆ. ಒಂದು ಚೌಕದಲ್ಲಿ ಕಿಟಕಿ, ಇನ್ನೊಂದರಲ್ಲಿ ಗಾಳಿಗೆ ಎದ್ದ ಪರದೆ, ಮೂರನೆಯದರಲ್ಲಿ ಮೇಜಿನಂಚಿನ ಮೇಲೆ ಬೆರಳು. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಿರುವುದಿಲ್ಲ, ಮನಸ್ಸು ಮಾತ್ರ ಎಲ್ಲಿಗೋ ಹೋಗಿ ಬಂದಿರುತ್ತದೆ. ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಚಿತ್ರಕಥೆಯ ಬಗ್ಗೆ ಬರೆದ ಪುಸ್ತಕವೇ ಚಿತ್ರಕಥೆಯ ರೂಪದಲ್ಲಿದೆ. ಒಂದೇ ಕ್ಷಣದ ಬೇರೆ ಬೇರೆ ಮಗ್ಗುಲುಗಳನ್ನು ಹೀಗೆ ಪಕ್ಕಪಕ್ಕದ ಚೌಕಗಳಲ್ಲಿ ಇಡುವುದು ಜಪಾನಿನ ಚಿತ್ರಕಥೆಗಳಲ್ಲಿ ಎದ್ದು ಕಾಣುತ್ತದೆ, ಪಾಶ್ಚಾತ್ಯ ಕಾಮಿಕ್ಸ್‌ಗಳಲ್ಲಿ ಅಪರೂಪ ಎಂದು ಅವರು ಅದರಲ್ಲಿ ತೋರಿಸಿದ್ದಾರೆ. ಇನ್ನೊಂದು ಕೊಡುಗೆ 1970ರ ದಶಕದಲ್ಲಿ ಮೋತೊ ಹಾಗಿಯೊ, ಕೆಯ್ಕೊ ತಕೆಮಿಯಾ ಮೊದಲಾದ ಹೆಣ್ಣುಮಕ್ಕಳಿಂದ ಬಂತು. ಹುಡುಗಿಯರಿಗಾಗಿ ಬರೆದ ಮಾಂಗಾದಲ್ಲಿ ಅವರು ಚೌಕದ ಗೆರೆಗಳನ್ನೇ ಒಡೆದರು. ಮನಸ್ಸಿನ ಮಾತನ್ನು ಗುಳ್ಳೆಯೊಳಗೆ ಹಾಕದೆ ಪುಟದ ಖಾಲಿ ಜಾಗದಲ್ಲಿ ತೇಲಿಬಿಟ್ಟರು. ಒಬ್ಬಳು ಹುಡುಗಿ ಹೊರಗೆ ‘ಸರಿ’ ಎನ್ನುವುದೂ ಒಳಗೆ ‘ಹೋಗಬೇಡ’ ಎನ್ನುವುದೂ ಒಂದೇ ಪುಟದಲ್ಲಿ, ಒಂದೇ ನೋಟಕ್ಕೆ ಕಾಣುವಂತಾಯಿತು.

ಈ ಬಗೆಯ ನಿಧಾನ ಕರಾವಳಿಯವರಿಗೆ ಹೊಸದಲ್ಲ. ತಾಳಮದ್ದಲೆ ಕೇಳಿ ಬೆಳೆದವರಿಗಂತೂ ಅಲ್ಲವೇ ಅಲ್ಲ. ವೇಷವಿಲ್ಲ, ಕುಣಿತವಿಲ್ಲ, ಚೆಂಡೆ ಮದ್ದಳೆಯ ಎದುರು ನಾಲ್ಕು ಜನ ಕೂತು ಮಾತಿನಲ್ಲೇ ಲೋಕ ಕಟ್ಟುತ್ತಾರೆ. ಭಾಗವತರು ಒಂದು ಪದ್ಯ ಹೇಳಿ ನಿಲ್ಲಿಸಿದರೆ, ಅರ್ಥಧಾರಿ ಆ ನಾಲ್ಕು ಸಾಲಿನೊಳಗೆ ಅರ್ಧ ಗಂಟೆ ಇರಬಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಕಥೆ ಎಲ್ಲಿಗೆ ಹೋಗುತ್ತದೆ ಎಂಬುದು ಸಭೆಗೆ ಮೊದಲೇ ಗೊತ್ತು. ಹಾಗಾಗಿ ಮುಂದೇನು ಎಂಬ ಆತುರ ಯಾರಿಗೂ ಇಲ್ಲ. ಈ ಘಳಿಗೆಯಲ್ಲಿ ಇವರ ಒಳಗೆ ಏನಾಗುತ್ತಿದೆ ಎಂಬುದಕ್ಕೆ ಮಾತ್ರ ಎಲ್ಲರ ಕಿವಿ. ಯಕ್ಷಗಾನದ ಇಡೀ ರಾತ್ರಿಯ ಆಟಗಳು ಈಗ ಕಾಲಮಿತಿಗೆ ಬರುತ್ತಿವೆ. ಅದಕ್ಕೆ ಬೇಕಾದಷ್ಟು ಕಾರಣಗಳಿವೆ; ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಕಾಲ ಕಡಿಮೆಯಾದಾಗ ಪ್ರಸಂಗದಲ್ಲಿ ಮೊದಲು ಕತ್ತರಿ ಬೀಳುವುದು ಯುದ್ಧಕ್ಕಲ್ಲ, ಇಬ್ಬರು ಮೆಲ್ಲನೆ ಮಾತಾಡುವ ಜಾಗಕ್ಕೆ. ಕೇಳಿ ಬೆಳೆದವಳಾಗಿ ನನಗೆ ಅದರ ಸಂಕಟ ಇದೆ.

ನಳದಮಯಂತಿಯನ್ನೇ ನೋಡಿ. ಆ ಕಥೆಯ ಹೆಸರು ಹೇಳಿದರೆ ಎಲ್ಲರಿಗೂ ಹಂಸ ನೆನಪಾಗುತ್ತದೆ, ಸ್ವಯಂವರ ನೆನಪಾಗುತ್ತದೆ. ನನ್ನನ್ನು ಹಿಡಿದಿಟ್ಟದ್ದು ಮಹಾಭಾರತದ ವನಪರ್ವದಲ್ಲಿ ಬಹಳ ತಡವಾಗಿ ಬರುವ ಭಾಗ. ಕಾಡಿನಲ್ಲಿ ಬಿಟ್ಟುಹೋದ ಗಂಡ ರೂಪಗೆಟ್ಟು ಬಾಹುಕನೆಂಬ ಸಾರಥಿಯಾಗಿ ಅವಳ ತವರಿಗೇ ಬಂದಿದ್ದಾನೆ. ದಮಯಂತಿಗೆ ಅನುಮಾನವಿದೆ. ಓಡಿ ಹೋಗಿ ಎದುರು ನಿಲ್ಲುವುದಿಲ್ಲ. ಕೇಶಿನಿ ಎಂಬ ಸಖಿಯನ್ನು ಕಳಿಸಿ ಅವನ ನಡೆನುಡಿ ಗಮನಿಸಲು ಹೇಳುತ್ತಾಳೆ. ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡುತ್ತಾಳೆ. ಆ ಕೈಯ ರುಚಿ ಅವಳ ನಾಲಿಗೆಗೆ ಗೊತ್ತು. ಮಕ್ಕಳನ್ನು ಅವನ ಹತ್ತಿರ ಕಳಿಸುತ್ತಾಳೆ. ಅವನು ಅವರನ್ನು ಅಪ್ಪಿ ಅಳುತ್ತಾನೆ. ಇಷ್ಟೆಲ್ಲ ಆದ ಮೇಲೆ ಮುಖಾಮುಖಿ. ಮೊದಲ ಪ್ರೀತಿಗೆ ಹಂಸದ ಒಂದು ಮಾತು ಸಾಕಾಗಿತ್ತು. ಪೆಟ್ಟು ತಿಂದ ಮೇಲಿನ ಪ್ರೀತಿಗೆ ಹೆಜ್ಜೆಹೆಜ್ಜೆಯಾಗಿ ನಂಬಿಕೆ ಬರಬೇಕು. ಒಂದು ತುತ್ತಿನ ರುಚಿಯಿಂದ ಒಬ್ಬ ಮನುಷ್ಯನನ್ನು ಮರಳಿ ಪಡೆಯುವ ಆ ಭಾಗವನ್ನು ಒಬ್ಬ ಮಾಂಗಾಕಾರರ ಕೈಗೆ ಕೊಟ್ಟಿದ್ದರೆ ಒಂದು ಇಡೀ ಸಂಪುಟ ಮಾಡುತ್ತಿದ್ದರು.

ನಾವು ಇದೇ ಕಥೆಯನ್ನು ಚಿತ್ರದಲ್ಲಿ ಓದಿದ್ದು ಅಮರ ಚಿತ್ರಕಥೆಯಲ್ಲಿ. ಆ ಮಾಲೆಯನ್ನು 1967ರಲ್ಲಿ ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಶಕುಂತಲೆ, ಸಾವಿತ್ರಿ, ದಮಯಂತಿ ಇವರ ಮುಖಗಳು ನನ್ನ ತಲೆಮಾರಿಗೆ ಬಂದದ್ದೇ ಆ ಪುಸ್ತಕಗಳಿಂದ. ಆ ಋಣ ದೊಡ್ಡದು. ಆದರೆ ಒಂದು ಪುಸ್ತಕಕ್ಕೆ ಇದ್ದ ಜಾಗ ಸುಮಾರು 32 ಪುಟ. ಹುಟ್ಟು, ಪ್ರೀತಿ, ಮದುವೆ, ವಿರಹ, ಪುನರ್ಮಿಲನ ಎಲ್ಲ ಅಷ್ಟರೊಳಗೆ ಮುಗಿಯಬೇಕು. ಆ ಮಾಲೆಯ ಉದ್ದೇಶವೇ ಬೇರೆ: ದೇಶದ ಮಕ್ಕಳಿಗೆ ತಮ್ಮ ಕಥೆಗಳ ಪರಿಚಯ ಆಗಬೇಕಿತ್ತು. ಚಿತ್ರಕ್ಕೆ ಇನ್ನೊಂದು ಶಕ್ತಿಯೂ ಇದೆ, ಒಂದೇ ಮುಖವನ್ನು ವರ್ಷಗಟ್ಟಲೆ ನೋಡುತ್ತ ಅದರಲ್ಲಿ ಬರುವ ಸಣ್ಣ ಬದಲಾವಣೆಯನ್ನು ಹಿಡಿಯುವ ಶಕ್ತಿ. ಅದನ್ನು ನಾನು ಕಂಡದ್ದು ಮಗಳ ಕಪಾಟಿನಲ್ಲಿ.

ಅಲ್ಲಿದ್ದವುಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ರುಮಿಕೊ ತಕಾಹಾಶಿ ಅವರ ‘ಮೇಸನ್ ಇಕ್ಕೊಕು’. 1980ರಿಂದ 1987ರವರೆಗೆ ನಡೆದ ಕಥೆ, 15 ಸಂಪುಟ. ಇಕ್ಕೊಕು ಎಂಬುದು ಟೋಕಿಯೊದ ಒಂದು ಹಳೆಯ ಮರದ ಬಾಡಿಗೆ ವಠಾರ. 5ನೇ ನಂಬರಿನ ಕೋಣೆಯಲ್ಲಿ ಗೊದಾಯ್ ಇದ್ದಾನೆ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಓದುತ್ತಿರುವ, ಕೈಯಲ್ಲಿ ಕಾಸಿಲ್ಲದ ಹುಡುಗ. ವಠಾರ ನೋಡಿಕೊಳ್ಳಲು ಕ್ಯೋಕೊ ಎಂಬ ಚಿಕ್ಕ ವಯಸ್ಸಿನ ಹೆಣ್ಣು ಬರುತ್ತಾಳೆ. ಅವಳು ವಿಧವೆ. ತನ್ನ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಸೊಯಿಚಿರೊನನ್ನು ಪ್ರೀತಿಸಿ ಮದುವೆಯಾದವಳು. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವನು ತೀರಿಕೊಂಡ. ಅವಳ ಜೊತೆಗಿರುವ ಬಿಳಿ ನಾಯಿಯ ಹೆಸರು ಕೂಡ ಸೊಯಿಚಿರೊ. ದಿನಕ್ಕೆ ಎಷ್ಟು ಸಲ ಆ ಹೆಸರು ಅವಳ ಬಾಯಲ್ಲಿ ಬರುತ್ತದೆಯೋ ಅಷ್ಟು ಸಲ ಸತ್ತವನು ಅಂಗಳದಲ್ಲಿ ಇದ್ದಂತೆಯೇ. ತಕಾಹಾಶಿ ಅವನ ಮುಖವನ್ನು ಓದುವವರಿಗೆ ತೋರಿಸುವುದೇ ಇಲ್ಲ. ನೆನಪಿನ ದೃಶ್ಯಗಳಲ್ಲೂ ಆ ಮುಖದ ಮೇಲೆ ನೆರಳಿರುತ್ತದೆ. ಗೊದಾಯ್‌ಗೆ ಎದುರಾಳಿಗಳಾಗಿ ಬೇರೆಯವರೂ ಇದ್ದಾರೆ. ಆದರೆ ಅವನು ನಿಜವಾಗಿ ಎದುರಿಸಬೇಕಾದದ್ದು ಮುಖವಿಲ್ಲದ, ತಪ್ಪು ಮಾಡಲಾರದ, ವಯಸ್ಸೂ ಆಗದ ಈ ಒಬ್ಬನನ್ನು.

ಗೊದಾಯ್ ಏನು ಮಾಡುತ್ತಾನೆ? ಬೆಳೆಯುತ್ತಾನೆ. ಕಾಲೇಜು ಸೇರುತ್ತಾನೆ, ಕೆಲಸ ಸಿಗದೆ ಅಲೆಯುತ್ತಾನೆ, ರಾತ್ರಿ ಕೆಲಸದ ಜಾಗದಲ್ಲಿ ಅಲ್ಲಿನ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುತ್ತಾನೆ, ಕೊನೆಗೆ ಶಿಶುವಿಹಾರದ ಮಾಸ್ತರನಾಗುತ್ತಾನೆ. ಓದುಗರೂ ಕಂತಿನಿಂದ ಕಂತಿಗೆ ಅವನ ಜೊತೆ ಅಷ್ಟೇ ವರ್ಷ ನಡೆದರು. ಕ್ಯೋಕೊ ಒಳಗೂ ಕಾಲ ಕೆಲಸ ಮಾಡುತ್ತದೆ. ಇನ್ನೊಬ್ಬನನ್ನು ಪ್ರೀತಿಸಿದರೆ ಸೊಯಿಚಿರೊನ ಮೇಲಿದ್ದ ಪ್ರೀತಿ ಸುಳ್ಳಾಗುತ್ತದೆಯೋ ಎಂಬ ಭಯ ಅವಳದು. ನಗು ಬಂದ ದಿನವೂ ಅವಳಿಗೆ ಅಪರಾಧದಂತೆ ಕಾಣುತ್ತದೆ. ಇದು ದುಃಖದ ನಿಜವಾದ ರೂಪ. ಹತ್ತಿರದವರನ್ನು ಕಳೆದುಕೊಂಡವರಿಗೆ ಗೊತ್ತು, ಅಳು ನಿಂತದ್ದಕ್ಕೇ ಅಳು ಬರುವ ಒಂದು ಕಾಲ ಉಂಟು. ಆ ಕಾಲವನ್ನು ಒಂದು ಹಾಡಿನಲ್ಲಿ ದಾಟಿಸಿದ್ದರೆ ಕ್ಯೋಕೊಗೆ ಅನ್ಯಾಯವಾಗುತ್ತಿತ್ತು.

ಕಥೆಯ ಕೊನೆಯ ಭಾಗದಲ್ಲಿ ಗೊದಾಯ್ ಒಬ್ಬನೇ ಸೊಯಿಚಿರೊನ ಸಮಾಧಿಯೆದುರು ನಿಂತು ಮಾತಾಡುತ್ತಾನೆ. ಅವಳ ಮನಸ್ಸಿನಿಂದ ನಿನ್ನನ್ನು ತೆಗೆಯಲಾಗದು, ನಿನ್ನನ್ನೂ ಒಳಗೊಂಡ ಅವಳನ್ನೇ ನಾನು ಕರೆದುಕೊಂಡು ಹೋಗುತ್ತೇನೆ ಎಂಬುದು ಅದರ ಸಾರ. ಕ್ಯೋಕೊ ಅದನ್ನು ಮರೆಯಿಂದ ಕೇಳಿಸಿಕೊಳ್ಳುತ್ತಾಳೆ. ನಾನು ಓದಿದ ಪ್ರೇಮಕಥೆಗಳಲ್ಲಿ ಇಷ್ಟು ದೊಡ್ಡ ಮನಸ್ಸಿನ ಮಾತು ಕಡಿಮೆ. ಮೊದಲ ಸಂಪುಟದ ಗೊದಾಯ್‌ಗೆ ಇದನ್ನು ಹೇಳಲು ಬರುತ್ತಿರಲಿಲ್ಲ. ಕುಡಿದು ಬೀದಿಯಲ್ಲಿ ಅವಳ ಹೆಸರು ಕೂಗುವುದು ಅವನಿಗೆ ಗೊತ್ತಿತ್ತು. ಸಮಾಧಿಯೆದುರಿನ ಮಾತಿಗೆ ಏಳು ವರ್ಷ ಬೇಕಿತ್ತು. ಅವನನ್ನು ಒಪ್ಪಿಕೊಳ್ಳುವಾಗ ಕ್ಯೋಕೊ ಕೇಳುವುದೂ ಒಂದೇ: ನನಗಿಂತ ಒಂದು ದಿನವಾದರೂ ಹೆಚ್ಚು ಬದುಕಿರಬೇಕು. ಒಮ್ಮೆ ಒಂಟಿಯಾಗಿ ಉಳಿದವಳು ಮಾತ್ರ ಕೇಳಬಲ್ಲ ವರ ಅದು.

ಈ ಕಥೆ ಓದುವಾಗಲೆಲ್ಲ ನನಗೆ ನಮ್ಮೂರಿನ ಇನ್ನೊಬ್ಬ ವಿಧವೆ ನೆನಪಾಗುತ್ತಾಳೆ, ಗುಲ್ವಾಡಿ ವೆಂಕಟರಾಯರ ಇಂದಿರಾ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದವರು. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಇಂದಿರೆಯನ್ನು ತಂದೆತಾಯಿ ಕಪಟ ಸಂತರ ಕೈಗೆ ಒಪ್ಪಿಸಲು ಹೊರಟಾಗ ಅವಳು ಮನೆ ಬಿಟ್ಟು ಅಮೃತರಾಯನ ಮನೆ ಸೇರುತ್ತಾಳೆ. ಅಲ್ಲಿ ಓದುತ್ತಾಳೆ. ಅದೇ ಅಮೃತರಾಯನ ಆಸರೆಯಲ್ಲಿ ಬೆಳೆದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಇಬ್ಬರ ನಡುವಿನ ಮನಸ್ಸಿನ ಮಾತುಗಳನ್ನು ಗುಲ್ವಾಡಿಯವರು ಉದ್ದಕ್ಕೆ ಬರೆಯಲಿಲ್ಲ. ಆ ಕಾಲದಲ್ಲಿ ಹೋರಾಟ ಇದ್ದದ್ದು ಬೇರೆ ಕಡೆ. ವಿಧವೆ ಮನೆಯ ಹೊಸ್ತಿಲು ದಾಟಬೇಕು, ಅಕ್ಷರ ಕಲಿಯಬೇಕು, ನಾಲ್ಕು ಜನ ದೊಡ್ಡವರು ಅವಳ ಪರ ನಿಲ್ಲಬೇಕು. ಇಷ್ಟಾದ ಮೇಲಲ್ಲವೇ ಪ್ರೀತಿಯ ಮಾತು! ಕ್ಯೋಕೊಗೆ ಮನಸ್ಸು ಒಂದೇ ಅಡ್ಡಿ. ಮಾವನೇ ಅವಳಿಗೆ ಹೊಸ ಬದುಕು ಕಟ್ಟಿಕೋ ಎನ್ನುತ್ತಾನೆ. ಇಂದಿರೆಗೆ ಇಡೀ ಊರೇ ಅಡ್ಡಿ. ಸುಮಾರು 80 ವರ್ಷಗಳ ಅಂತರದಲ್ಲಿ, ಎರಡು ಬೇರೆ ಕಡಲತೀರದ ದೇಶಗಳಲ್ಲಿ ಬರೆದ ಈ ಎರಡು ಕಥೆಗಳನ್ನು ಪಕ್ಕದಲ್ಲಿಟ್ಟು ಓದಿದರೆ ಒಂದು ವಿಷಯ ಕಾಣುತ್ತದೆ: ಹೊರಗಿನ ಅಡ್ಡಿಯನ್ನು ಯಾರೋ ತೆಗೆದಿಟ್ಟ ಮೇಲೆಯೇ ಒಳಗಿನ ನಿಧಾನಕ್ಕೆ ಅವಕಾಶ. ಇಂದಿರೆ ಓಡಬೇಕಾಯಿತು. ಕ್ಯೋಕೊ ಅಂಗಳ ಗುಡಿಸುತ್ತ ಯೋಚಿಸಬಹುದಾಗಿತ್ತು.

ಇಲ್ಲಿ ನನ್ನ ಊರಿನ ಬಗ್ಗೆ ಒಂದು ನೋವಿನ ಮಾತು ಹೇಳಲೇಬೇಕು. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿನಲ್ಲಿದ್ದ ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. ಒಬ್ಬ ಹುಡುಗ, ಒಬ್ಬಳು ಹುಡುಗಿ ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಹೆಸರು ಕೇಳುವ, ಜಾತಿ ಧರ್ಮ ಲೆಕ್ಕ ಹಾಕುವ ಕಣ್ಣುಗಳು ಈ ಊರಿನಲ್ಲಿವೆ. ಅಂಥ ಕಣ್ಣುಗಳ ಕೆಳಗೆ ಪ್ರೀತಿಗೆ ಎರಡೇ ದಾರಿ: ಬಚ್ಚಿಟ್ಟುಕೊಳ್ಳಬೇಕು, ಇಲ್ಲವೆ ಓಡಬೇಕು. ಎರಡರಲ್ಲೂ ಆತುರವಿದೆ. ಗೆಳೆತನವಾಗಿಯೇ ಉಳಿಯಬಹುದಾಗಿದ್ದ ಸಂಬಂಧವನ್ನೂ ಭಯ ಒಂದು ತೀರ್ಮಾನಕ್ಕೆ ತಳ್ಳುತ್ತದೆ. ಸವಾಕೊ ಮತ್ತು ಕಝೆಹಾಯಾ ಶಾಲೆ ಮುಗಿದ ಮೇಲೆ ಒಟ್ಟಿಗೆ ನಡೆದು ಹೋಗುತ್ತಾರೆ. ಯಾರೂ ಅಡ್ಡ ನಿಂತು ಪ್ರಶ್ನೆ ಕೇಳುವುದಿಲ್ಲ. ಆ ನಡಿಗೆಯಲ್ಲಿ ಏನೂ ಆಗುವುದಿಲ್ಲ, ಆದರೆ ಏನೂ ಆಗದ ಅಂಥ ಸಂಜೆಗಳಿಂದಲೇ ಅವರಿಗೆ ಒಬ್ಬರನ್ನೊಬ್ಬರು ತಿಳಿದದ್ದು. ನಿಧಾನವಾಗಿ ಪ್ರೀತಿಸುವುದಕ್ಕೆ ಭಯವಿಲ್ಲದ ರಸ್ತೆ ಬೇಕು. ನಮ್ಮ ಮಕ್ಕಳಿಗೆ ಹಂಪನಕಟ್ಟೆಯಿಂದ ಕದ್ರಿಯವರೆಗೆ ಅಂಥ ಒಂದು ರಸ್ತೆ ಮಾಡಿಕೊಡುವುದು ದೊಡ್ಡವರ ಕರ್ತವ್ಯ ಎಂದು ನಾನು ಪೂರ್ತಿ ಮನಸ್ಸಿನಿಂದ ನಂಬಿದ್ದೇನೆ.

ನಿಧಾನ ಎಂದ ಕೂಡಲೇ ಇನ್ನೊಂದು ಎಚ್ಚರವೂ ಬೇಕು. ಬೇಡವೆಂದ ಹೆಣ್ಣಿನ ಹಿಂದೆ ವರ್ಷಗಟ್ಟಲೆ ಅಲೆದು ಕೊನೆಗೆ ಅವಳನ್ನು ಒಪ್ಪಿಸುವ ನಾಯಕರನ್ನು ನಮ್ಮ ತೆರೆಗಳು ಧಾರಾಳವಾಗಿ ತೋರಿಸಿವೆ. ಅದು ಬೆನ್ನುಬೀಳುವುದು, ಕಾಯುವುದಲ್ಲ. ಬೆನ್ನುಬಿದ್ದವನು ತಾನು ಬದಲಾಗುವುದಿಲ್ಲ, ಎದುರಿನವಳು ದಣಿಯಲಿ ಎಂದಿರುತ್ತಾನೆ. ಕಾಯುವವನು ಅಷ್ಟರಲ್ಲಿ ತನ್ನ ಬದುಕನ್ನು ನಡೆಸುತ್ತಾನೆ, ಅವಳ ಇಲ್ಲ ಎಂಬ ಮಾತಿಗೂ ಜಾಗ ಇಟ್ಟಿರುತ್ತಾನೆ. ಯೊಶಿತೊಕಿ ಓಯಿಮಾ ಅವರ ‘ಎ ಸೈಲೆಂಟ್ ವಾಯ್ಸ್’ ಇದನ್ನು ಬಹಳ ಕಠಿಣವಾದ ಸಂದರ್ಭದಲ್ಲಿಟ್ಟು ನೋಡುತ್ತದೆ. 2013 ಮತ್ತು 2014ರಲ್ಲಿ ಬಂದ ಏಳು ಸಂಪುಟಗಳ ಕಥೆ. ಕಿವಿ ಕೇಳದ ಶೋಕೊ ಎಂಬ ಹುಡುಗಿಯನ್ನು ಚಿಕ್ಕಂದಿನಲ್ಲಿ ಕ್ರೂರವಾಗಿ ಪೀಡಿಸಿದ ಶೋಯಾ, ದೊಡ್ಡವನಾದ ಮೇಲೆ ಸಂಜ್ಞೆಯ ಭಾಷೆ ಕಲಿತು ಅವಳೆದುರು ಬರುತ್ತಾನೆ. ಯಾರನ್ನೂ ಎದುರಿಸಲಾರದ ಅವನ ಕಣ್ಣಿಗೆ ಸುತ್ತಲಿನವರ ಮುಖಗಳ ಮೇಲೆಲ್ಲ ಕಾಟು ಹಾಕಿದಂತೆ ಕಾಣುತ್ತದೆ. ಒಬ್ಬೊಬ್ಬರ ಮಾತನ್ನು ಕೇಳಿಸಿಕೊಂಡಂತೆ ಆ ಕಾಟುಗಳು ಒಂದೊಂದಾಗಿ ಕಳಚುತ್ತವೆ. ಕಥೆ ಅವರಿಬ್ಬರಿಗೆ ಮದುವೆ ಮಾಡಿಸುವುದಿಲ್ಲ. ತಪ್ಪು ಮಾಡಿದವನಿಗೆ ಪ್ರೀತಿಯನ್ನು ಬಹುಮಾನವಾಗಿ ಕೊಡುವ ಅವಸರ ಅದಕ್ಕಿಲ್ಲ. ಒಬ್ಬರ ಮುಖ ಇನ್ನೊಬ್ಬರಿಗೆ ಸರಿಯಾಗಿ ಕಾಣುವಲ್ಲಿಗೆ ತಂದು ನಿಲ್ಲಿಸುತ್ತದೆ. ಅಷ್ಟು ದೂರ ಬಂದದ್ದೇ ಆ ಇಬ್ಬರಿಗೆ ದೊಡ್ಡ ಪ್ರಯಾಣ.

ನಮ್ಮ ಹಿಂದಿನವರ ಬದುಕಿನಲ್ಲೂ ನಿಧಾನದ ಪ್ರೀತಿ ಇತ್ತು, ಅದಕ್ಕೆ ಯಾರೂ ಆ ಹೆಸರು ಇಡಲಿಲ್ಲ. ನಮ್ಮ ದೊಡ್ಡಮ್ಮನ ಗಂಡ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಕಥೆ ಇದೇ. ಮಳೆಗಾಲಕ್ಕೆ ಒಮ್ಮೆ ಊರಿಗೆ ಬಂದು ಗದ್ದೆಯ ಕೆಲಸ ಮುಗಿಸಿ ಹಿಂತಿರುಗುತ್ತಿದ್ದರು. ಉಳಿದ ದಿನ ಇನ್‌ಲ್ಯಾಂಡ್ ಲೆಟರು. ಅದರಲ್ಲಿ ಬೇಸಾಯ, ದನ, ಬ್ಯಾಂಕಿನ ಸಾಲ, ಮಕ್ಕಳ ಫೀಸು. ಪ್ರೀತಿಯ ಒಂದು ಅಕ್ಷರವೂ ಇಲ್ಲ. ಬಹಳ ವರ್ಷಗಳ ಮೇಲೆ, ದೊಡ್ಡಪ್ಪ ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ ಮೇಲೆ, ದೊಡ್ಡಮ್ಮ ನನ್ನ ಹತ್ತಿರ ಹೇಳಿದರು: “ಮದುವೆ ಆಗುವಾಗ ಇವರು ಯಾರು ಅಂತಲೇ ಗೊತ್ತಿರ್ಲಿಲ್ಲ ಮಗಾ. ಇಷ್ಟ ಆದದ್ದು ಎಷ್ಟೋ ವರ್ಷ ಕಳೆದ ಮೇಲೆ. ಒಂದು ಸಲ ಜ್ವರ ಬಂದಾಗ ರಾತ್ರಿಯಿಡೀ ಗಂಜಿ ಬಿಸಿ ಮಾಡಿ ಮಾಡಿ ಕೊಟ್ರು. ಆವಾಗ.” ಆ ‘ಆವಾಗ’ ಎಂಬಲ್ಲಿಗೆ ತಲುಪಲು ಅವರಿಗೆ ಅರ್ಧ ಆಯುಸ್ಸು ಹಿಡಿದಿತ್ತು. ಆ ಏರ್ಪಾಡನ್ನು ನಾನು ಹೊಗಳುವುದಿಲ್ಲ. ದೊಡ್ಡಮ್ಮನಿಗೆ ಆಯ್ಕೆಯಿರಲಿಲ್ಲ, ಆ ಗಂಜಿಯ ರಾತ್ರಿ ಬರದೇ ಹೋದ ಹೆಂಗಸರೂ ಎಷ್ಟೋ ಜನ. ಮಗಳ ತಲೆಮಾರಿಗೆ ಆಯ್ಕೆಯೂ ಇರಬೇಕು, ನಿಧಾನವೂ ಇರಬೇಕು. ಅವಳೂ ಅವಳ ಗೆಳತಿಯರೂ ಮೊಬೈಲಿನಲ್ಲಿ ಎಲ್ಲವೂ ಕ್ಷಣದಲ್ಲಿ ಸಿಗುವ ಈ ಕಾಲದಲ್ಲಿ 30 ಸಂಪುಟದ ಕಥೆಯನ್ನು ಹುಡುಕಿಕೊಂಡು ಹೋಗುತ್ತಿರುವುದು ಕಂಡರೆ ನನಗೆ ಧೈರ್ಯ ಬರುತ್ತದೆ. ತಮಗೆ ಬೇಕಾದದ್ದು ಏನು ಎಂಬುದು ಅವರಿಗೆ ತಿಳಿದಿದೆ.

ನನಗೆ ಒಂದು ಆಸೆ ಇದೆ. ಇಂಥ ಒಂದು ಕಥೆ ಕನ್ನಡದಲ್ಲಿ, ಮಂಗಳೂರಿನಲ್ಲಿ ಹುಟ್ಟಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ಊರು ಇದು. ಕೈಬರಹದ ಅಕ್ಷರಗಳನ್ನೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಸಿದ ಊರಿಗೆ ಚಿತ್ರ ಮತ್ತು ಮಾತು ಒಂದೇ ಕೈಯಿಂದ ಬರುವುದು ಹೊಸ ಸಂಗತಿಯಾಗಲಾರದು. ಇಂದಿರೆಯ ಊರೂ ಇದೇ. ಚಿತ್ರ ಬರೆಯುವ ಹುಡುಗ ಹುಡುಗಿಯರು ನಮ್ಮಲ್ಲಿದ್ದಾರೆ. ಅವರು ಹದಿನೈದು ಸಂಪುಟ ಬರೆಯಲಿ. ನಾಯಕಿ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿರಲಿ, ನಾಯಕ ಬಂದರಿನ ಮೀನಿನ ದಕ್ಕೆಯಲ್ಲಿ ಲೆಕ್ಕ ಬರೆಯಲಿ. ಇಬ್ಬರ ಮನೆಮಾತು ಬೇರೆಯಾಗಿರಲಿ, ಒಬ್ಬರದು ಬ್ಯಾರಿ, ಇನ್ನೊಬ್ಬರದು ತುಳು; ನಡುವೆ ಕನ್ನಡವಿರಲಿ. ಮೊದಲ ಮೂರು ಸಂಪುಟ ಅವರು ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸಿಗಾಗಿ ಒಂದೇ ತಂಗುದಾಣದಲ್ಲಿ ಮಳೆಗೆ ನಿಲ್ಲುವುದರಲ್ಲಿ ಕಳೆಯಲಿ. ಅವಳಿಗೆ ಕಳೆದುಕೊಂಡ ಒಬ್ಬರು ಇರಲಿ, ಅವನು ಅವರ ಹೆಸರನ್ನು ಗೌರವದಿಂದ ಹೇಳಲು ಕಲಿಯಲಿ. ಅವಳು ಬೇಡವೆಂದ ಒಂದು ಸಂಪುಟವಿರಲಿ, ಅದರಲ್ಲಿ ಅವನು ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿರಲಿ. ಮುಖ್ಯವಾಗಿ, ಆ ಹದಿನೈದು ಸಂಪುಟಗಳಲ್ಲಿ ಒಂದು ಪುಟದಲ್ಲೂ ಯಾರೂ ಬಂದು ಅವರನ್ನು ಎಬ್ಬಿಸಿ ಹೆಸರು ಕೇಳದಿರಲಿ. ಅಂಥ ಕಥೆಯನ್ನು ಓದಿ ಬೆಳೆದ ಮಕ್ಕಳು ಅಂಥ ಊರನ್ನೂ ಕೇಳಿ ಪಡೆಯುತ್ತಾರೆ. ಆ ಊರಿನಲ್ಲಿ ಪ್ರೀತಿಸುವವರಿಗೆ ಬೇಕಾದಷ್ಟು ಸಮಯವಿರುತ್ತದೆ.